ನನ್ನ ಬ್ಯಾಜು, ಅಕ್ಕನ ರಕ್ತ

ನಮ್ಮ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ನನಗೆ ಇಪ್ಪತ್ತೆರಡು ವರ್ಷಗಳ ಸರ್ವಿಸು. ಅಷ್ಟು ವರ್ಷಗಳಲ್ಲಿ ನನ್ನ ಹೆಸರಿಗೆ ಒಂದೇ ಒಂದು ಕೆಟ್ಟ ಕಾಗದ ಬಂದಿತ್ತು: ರೋಗಿಯ ಭಾವನೊಬ್ಬನಿಗೆ ಬಾಯಿಗೆ ಬಂದಂತೆ ಬೈದೆ ಎಂದು. ಬೈದದ್ದು ನಿಜ. ಅವನು ನಮ್ಮ ಕೋಣೆಯ ಮೂಲೆಯಲ್ಲಿ ಗುಟ್ಕಾ ಉಗಿದದ್ದೂ ನಿಜ. ಅದನ್ನು ಮಾತ್ರ ಯಾರೂ ಕಾಗದದಲ್ಲಿ ಬರೆಯಲಿಲ್ಲ. ಹಾಗಾಗಿ ಆ ಮಧ್ಯಾಹ್ನ ನಮ್ಮ ಸೇಫ್ಟಿ ಆಫೀಸರ್ ಕಾಗದ ಹಿಡಿದುಕೊಂಡು ಬಂದಾಗ, ಈ ಸಲ ಯಾರಿಗೆ ಬೈದೆನಪ್ಪಾ ಎಂದು ನಾನು ನೆನಪು ಮಾಡಿಕೊಳ್ಳತೊಡಗಿದೆ.

ಕಾಗದ ಬಂದಿದ್ದು ನನ್ನ ಬಾಯಿಯ ಬಗ್ಗೆ ಅಲ್ಲ, ಬ್ಯಾಜಿನ ಬಗ್ಗೆ. ವಿಕಿರಣದ ಕೋಣೆಯಲ್ಲಿ ಕೆಲಸ ಮಾಡುವವರಿಗೆಲ್ಲ ಒಂದು ಪ್ಲಾಸ್ಟಿಕ್ ಬ್ಯಾಜು ಕೊಡುತ್ತಾರೆ. ಮೈಮೇಲೆ ಎಷ್ಟು ಕಿರಣ ಬಿತ್ತೆಂದು ಅದರೊಳಗಿನ ಬಿಲ್ಲೆಗಳು ನೆನಪಿಟ್ಟುಕೊಳ್ಳುತ್ತವೆ, ಅಷ್ಟೇ. ಅದು ಏನನ್ನೂ ತಡೆಯುವುದಿಲ್ಲ. ತಡೆಯುವ ಕೆಲಸ ಸೀಸದ ಏಪ್ರನ್ನಿನದು. ಮೂರು ತಿಂಗಳಿಗೊಮ್ಮೆ ಬ್ಯಾಜುಗಳನ್ನು ಪರೀಕ್ಷೆಗೆ ಕಳಿಸುತ್ತೇವೆ, ರೀಡಿಂಗ್ ಬರುತ್ತದೆ. ನನ್ನದು ಪ್ರತಿಸಲವೂ ಇದ್ದೂ ಇಲ್ಲದಷ್ಟು.

ಬ್ಯಾಜನ್ನು ಏಪ್ರನ್ನಿನ ಒಳಗೆ, ನಮ್ಮ ಬಟ್ಟೆಗೆ ಸಿಕ್ಕಿಸಿಕೊಳ್ಳಬೇಕೆಂಬುದು ನಿಯಮ. ನಾನು ಏಪ್ರನ್ನಿನ ಹೊರಗಡೆ ಎದೆಯ ಹತ್ತಿರ ಸಿಕ್ಕಿಸಿ ಅಲ್ಲೇ ಬಿಟ್ಟಿದ್ದೆ. ಊಟಕ್ಕೆ ಹೋಗುವಾಗ ಏಪ್ರನ್ ತೆಗೆದು ಬಾಗಿಲ ಪಕ್ಕದ ಕೊಕ್ಕೆಗೆ ತೂಗುಹಾಕಿದರೆ ಬ್ಯಾಜೂ ಅದರ ಜೊತೆಗೇ ತೂಗುತ್ತಿತ್ತು. ಹೊಸದಾಗಿ ಬಂದ ಹುಡುಗಿಯರು ಹಾಗೆ ಮಾಡಿದರೆ ಎಲ್ಲರೆದುರು ಗದರಿಸುತ್ತಿದ್ದೆ. ನನಗೆ ಹೇಳುವವರು ಯಾರೂ ಇರಲಿಲ್ಲ.

"ಎಂತ ಮಾಡಿದ್ರಿ ಮೇಡಂ? ನಿಮ್ಮ ರೀಡಿಂಗ್ ತುಂಬ ಹೆಚ್ಚುಂಟು" ಎಂದರು ಆಫೀಸರ್.

ಕಾಗದ ನೋಡಿದೆ. ನಗು ಬಂತು. "ಸರ್, ನಾನೇನು ಎಕ್ಸ್‌ರೇ ಟ್ಯೂಬಿನ ಕೆಳಗೆ ಚಾಪೆ ಹಾಸಿ ಮಲಗಿದ್ದೆನಾ?"

"ನಗುವಂಥದ್ದಲ್ಲ ಇದು. ನಾಳೆಯಿಂದ ನೀವು ಆ ಕೋಣೆಗೆ ಹೋಗುವ ಹಾಗಿಲ್ಲ. ರಕ್ತ ಪರೀಕ್ಷೆಗೆ ಕೊಡ್ಬೇಕು."

ಬ್ಯಾಜನ್ನು ಏಪ್ರನ್ನಿನಲ್ಲೇ ಬಿಟ್ಟು ಹೋಗುತ್ತಿದ್ದೆ, ಕೊಕ್ಕೆಯಲ್ಲಿರುವಾಗ ಕಿರಣ ಬಿದ್ದಿರಬೇಕು ಎಂದು ಹೇಳಿದೆ. ಅವರು ಒಂದು ಫಾರಮ್ಮು ಕೊಟ್ಟರು. ಅದರಲ್ಲೂ ಹಾಗೆಯೇ ಬರೆದು ಸಹಿ ಹಾಕಿದೆ. ಆ ದಿನ ನಾನು ಬರೆದದ್ದನ್ನು ನಾನೇ ನಂಬಿದ್ದೆ. ಅದು ಸುಳ್ಳಲ್ಲ.

ಹೆದರಿಕೆ ಬಂದದ್ದು ಮನೆಗೆ ಹೋದ ಮೇಲೆ. ಎಷ್ಟೋ ರೋಗಿಗಳಿಗೆ "ಎಂತದೂ ಆಗುವುದಿಲ್ಲ ಮಾರಾಯ್ರೆ, ಸುಮ್ಮನೆ ಮಲಗಿ" ಎಂದು ಹೇಳಿದ ಬಾಯಿ ನನ್ನದು. ಅದೇ ಮಾತನ್ನು ನನಗೆ ನಾನು ಹೇಳಿಕೊಂಡರೆ ಹಿಡಿಸಲಿಲ್ಲ. ಕ್ಯಾನ್ಸರ್ ಎಂಬ ಪದ ಬಾಯಿಗೆ ಬರಬಾರದೆಂದು ಗಂಡನೊಂದಿಗೆ ಸಾರಿನ ಉಪ್ಪಿನ ಬಗ್ಗೆ ಜಗಳ ತೆಗೆದೆ. ನಮ್ಮ ಮನೆ ಬಿಕರ್ನಕಟ್ಟೆಯಲ್ಲಿ. ಎಲ್ಲೆಲ್ಲಿಂದಲೋ ಜನ ಬಂದು ಅಲ್ಲಿನ ಮಂದಿರದ ಬಾಲಯೇಸುವಿನ ಮುಂದೆ ಮೇಣದಬತ್ತಿ ಹಚ್ಚಿ ಹೋಗುತ್ತಾರೆ; ಪಕ್ಕದಲ್ಲೇ ಇರುವ ನಾನು ಹಬ್ಬಕ್ಕೆ ಬಿಟ್ಟರೆ ಹೋಗುವವಳಲ್ಲ. ಆ ವಾರ ಮೂರು ಸಲ ಹೋದೆ. ಮೂರನೆಯ ಸಲ ಗಂಡ ಏನೂ ಕೇಳದೆ ಜೊತೆಗೆ ಬಂದರು.

ನನ್ನ ರಕ್ತ ನಗರದ ಹೊರಗಿನ ಒಂದು ಪ್ರಯೋಗಾಲಯಕ್ಕೆ ಹೋಯಿತು. ಅಲ್ಲಿ ರಕ್ತದ ಬಿಳಿ ಕೋಶಗಳನ್ನು ಎರಡು ದಿನ ಬೆಚ್ಚಗಿಟ್ಟು ಬೆಳೆಸುತ್ತಾರೆ. ಕೋಶ ಎರಡಾಗಲು ಹೊರಟಾಗ ಔಷಧ ಹಾಕಿ ಅರ್ಧದಲ್ಲಿ ನಿಲ್ಲಿಸುತ್ತಾರೆ. ಆಗ ಒಳಗಿನ ವರ್ಣತಂತುಗಳು ಗಾಜಿನ ಮೇಲೆ ಬಿಡಿಬಿಡಿಯಾಗಿ ಕಾಣುತ್ತವೆ. ಆಮೇಲೆ ಕೂತು ನೂರಾರು ಕೋಶಗಳನ್ನು ಒಂದೊಂದಾಗಿ ನೋಡಬೇಕು. ಅದಕ್ಕೇ ವಾರಗಟ್ಟಲೆ ಹಿಡಿಯುತ್ತದೆ. ನನಗೆ ಕಾದು ಅಭ್ಯಾಸವಿಲ್ಲ. ಫೋನ್ ಮಾಡಿ ಮಾಡಿ ತಲೆ ತಿಂದಾಗ, "ಬನ್ನಿ, ನೀವೇ ನೋಡಿ ಹೋಗಿ" ಎಂದರು.

ಅಲ್ಲಿದ್ದ ವಿಜ್ಞಾನಿ ನನ್ನ ಮಗಳ ವಯಸ್ಸಿನವಳು. ನನ್ನನ್ನು ಆಂಟಿ ಅಂದಳು, ಹೋಗಲಿ, ಬಿಟ್ಟೆ. ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, "ಇದು ನಿಮ್ಮದೇ ಆಂಟಿ" ಎಂದಳು. ಕಪ್ಪು ಜೀರಿಗೆ ಚೆಲ್ಲಿದ ಹಾಗೆ ಕಂಡಿತು. ಇಪ್ಪತ್ತೆರಡು ವರ್ಷ ಊರವರ ಎಲುಬು ನೋಡಿದವಳು ನನ್ನ ಒಳಗನ್ನು ಆವತ್ತು ಮೊದಲ ಸಲ ನೋಡಿದೆ.

"ಒಂದೊಂದಕ್ಕೂ ನಡು ಉಂಟಲ್ಲ, ಸಪೂರ ಇರುವ ಜಾಗ? ಅದು ಒಂದೇ ಇರ್ಬೇಕು. ಎರಡು ನಡು ಇರುವಂಥದ್ದು ತುಂಬ ಸಿಕ್ಕಿದ್ರೆ ರೇಡಿಯೇಷನ್ ಬಿದ್ದಿದೆ ಅಂತ ಲೆಕ್ಕ."

ಎರಡು ನಡು ಹೇಗೆ ಬರುತ್ತದೆ ಎಂದು ಕೇಳಿದೆ. ಅವಳು ಕುರ್ಚಿ ಎಳೆದುಕೊಂಡು ಹೇಳಿದಳು. ಡಿಎನ್‌ಎ ಅಂದರೆ ಜೋಡಿ ಎಳೆ ಎಂಬುದು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಏನೆಂದರೆ, ಕಿರಣವೇ ಬೇಕೆಂದಿಲ್ಲ, ಸುಮ್ಮನೆ ಬದುಕಿದ್ದರೂ ಅದು ದಿನಾ ಹರಿಯುತ್ತಲೇ ಇರುತ್ತದಂತೆ, ಕೋಶ ದಿನಾ ಸರಿಮಾಡುತ್ತಲೇ ಇರುತ್ತದಂತೆ. ಒಂದೇ ಎಳೆ ಹರಿದರೆ ಕಷ್ಟವಿಲ್ಲ. ತರಗತಿಗೆ ಹೋಗದವಳು ಪಕ್ಕದವಳ ನೋಟ್ಸ್ ನೋಡಿ ಬರೆದುಕೊಂಡ ಹಾಗೆ, ಉಳಿದ ಎಳೆಯನ್ನು ನೋಡಿ ಹರಿದದ್ದನ್ನು ಪೂರ್ತಿ ಮಾಡುತ್ತದೆ. ಎರಡೂ ಎಳೆ ಒಂದೇ ಕಡೆ ತುಂಡಾದರೆ ಪಂಚಾತಿಕೆ. ಎಕ್ಸ್‌ರೇ ಆ ಕೆಲಸವನ್ನೂ ಮಾಡಬಲ್ಲದು. ಆಗ ಕೋಶ ತನ್ನ ಬೆಳವಣಿಗೆ ನಿಲ್ಲಿಸಿ ರಿಪೇರಿಗೆ ಕೂರುತ್ತದೆ. ಅಷ್ಟು ಹೊತ್ತಿಗೆ ಡಿಎನ್‌ಎಯ ಇನ್ನೊಂದು ಪ್ರತಿ ತಯಾರಾಗಿದ್ದರೆ ಅದನ್ನು ನೋಡಿ ನಿಧಾನವಾಗಿ, ಸರಿಯಾಗಿ ಜೋಡಿಸುತ್ತದೆ. ಇಲ್ಲದಿದ್ದರೆ ಸಿಕ್ಕಿದ ತುದಿಗೆ ಸಿಕ್ಕಿದ ತುದಿಯನ್ನು ಗಡಿಬಿಡಿಯಲ್ಲಿ ಅಂಟಿಸುತ್ತದೆ. ಹೆಚ್ಚಿನ ಸಲ ಅದೂ ಸರಿಹೋಗುತ್ತದೆ. ತುಂಡುಗಳು ಹೆಚ್ಚಿದ್ದರೆ ಒಂದರ ತುದಿ ಇನ್ನೊಂದಕ್ಕೆ ಹೋಗಿ ಅಂಟುತ್ತದೆ.

"ಮದುವೆಮನೆಯಿಂದ ಹೊರಗೆ ಬರುವಾಗ ಕರೆಂಟ್ ಹೋದ್ರೆ ಯಾರದ್ದೋ ಚಪ್ಪಲಿ ಹಾಕಿಕೊಂಡು ಬಂದ ಹಾಗೆ" ಎಂದೆ.

"ಹಾಂ, ಹಾಗೇ!" ಎಂದು ನಕ್ಕಳು.

ಹಾಗೆ ತಪ್ಪಾಗಿ ಅಂಟಿದ್ದೇ ಎರಡು ನಡುವಿನದು. ಅಂಥ ಕೋಶ ಎರಡಾಗಲು ಹೋದರೆ ಎರಡು ಕಡೆಯಿಂದಲೂ ಎಳೆತ, ಹೆಚ್ಚಾಗಿ ಸಾಯುತ್ತದೆ. ಎಲ್ಲ ತಪ್ಪುಗಳೂ ಹಾಗೆ ಸಾಯುವುದಿಲ್ಲ, ಒಂದೇ ನಡು ಇಟ್ಟುಕೊಂಡು ಒಳಗೊಳಗೇ ಅದಲುಬದಲಾದವು ಉಳಿದುಬಿಡುತ್ತವೆ, ಭಯ ಇರುವುದು ಅವುಗಳದ್ದು ಎಂದಳು. "ಎರಡು ನಡುವಿನದು ನಮಗೆ ಸಾಕ್ಷಿ ಮಾತ್ರ ಆಂಟಿ. ಅದು ರಕ್ತದಲ್ಲಿ ತುಂಬ ಕಾಲ ನಿಲ್ಲುವುದಿಲ್ಲ. ತಿಂಗಳು ಹೋದ ಹಾಗೆ ಕಡಿಮೆ ಆಗ್ತಾ ಬರ್ತದೆ. ಅದಕ್ಕೇ ಬೇಗ ನೋಡ್ಬೇಕು ಅನ್ನುವುದು."

ಅದಾಗಿ ಹತ್ತು ದಿನಕ್ಕೆ ರಿಪೋರ್ಟು ಬಂತು. ನನ್ನ ಕೋಶಗಳಲ್ಲಿ ಏನೂ ಸಿಕ್ಕಿರಲಿಲ್ಲ. ನನ್ನ ಸಂತೋಷವನ್ನು ಏನು ಹೇಳಲಿ! ಬಲ್ಮಠದ ಬೇಕರಿಯಿಂದ ದೊಡ್ಡ ಕೇಕು ತಂದು ಇಡೀ ವಿಭಾಗಕ್ಕೆ ಹಂಚಿದೆ. ಹೊಸ ಹುಡುಗಿಯರಿಗೆ ಆ ದಿನ ಒಂದು ಮಾತೂ ಗದರಿಸಲಿಲ್ಲ. ನಮ್ಮ ವಿಭಾಗದ ಆಯಾ ಅಕ್ಕ ಎರಡು ತುಂಡು ತೆಗೆದುಕೊಂಡು, "ನಾನು ಉರ್ವದ ಮಾರಿಯಮ್ಮನಿಗೆ ಹೇಳಿಕೊಂಡಿದ್ದೆ ಬಾಯಮ್ಮ, ನಿಮಗೆ ಎಂತದೂ ಆಗಬಾರದು ಅಂತ" ಎಂದರು.

ಈ ಅಕ್ಕನ ಬಗ್ಗೆ ಹೇಳಬೇಕು. ಕ್ರಿಶ್ಚಿಯನ್ ಹೆಂಗಸರನ್ನೆಲ್ಲ ಕರೆಯುವ ಹಾಗೆ ನನ್ನನ್ನೂ ಬಾಯಮ್ಮ ಎನ್ನುತ್ತಿದ್ದರು. ಉರ್ವದಿಂದ ಸಿಟಿ ಬಸ್ಸಿನಲ್ಲಿ ಬರುವ ತುಳುವಿನವರು, ಐವತ್ತೈದು ದಾಟಿದವರು, ಕಾಂಟ್ರಾಕ್ಟಿನ ಆಯಾ. ನೆಲ ಒರೆಸುವುದು, ರೋಗಿಗಳನ್ನು ಮಲಗಿಸುವುದು ಅವರ ಕೆಲಸ. ಅದಲ್ಲದ ಒಂದು ಕೆಲಸವನ್ನು, ಆ ಕಾಗದ ಬರುವ ಕೆಲವೇ ತಿಂಗಳ ಹಿಂದೆ, ನಾನು ಅವರಿಗೆ ಅಂಟಿಸಿದ್ದೆ. ಮೂತ್ರದ ಸೋಂಕು ಮತ್ತೆ ಮತ್ತೆ ಬರುವ ಮಕ್ಕಳಿಗೆ ಮೂತ್ರಕೋಶದಲ್ಲಿ ಔಷಧ ತುಂಬಿ, ಅದು ಎತ್ತ ಹರಿಯುತ್ತದೆಂದು ಎಕ್ಸ್‌ರೇ ಪರದೆಯಲ್ಲಿ ನೋಡುವ ಪರೀಕ್ಷೆಯೊಂದಿದೆ. ಮಗು ಅಲುಗಾಡಬಾರದು. ಅಲುಗಾಡದ ಮಗುವನ್ನು ನಾನಂತೂ ನೋಡಿಲ್ಲ. ಮಗುವನ್ನು ಮನೆಯವರೇ ಹಿಡಿದುಕೊಳ್ಳಬೇಕು, ಆಸ್ಪತ್ರೆಯ ಕೆಲಸದವರು ದಿನಾ ಹಿಡಿಯುವ ಹಾಗಿಲ್ಲ ಎಂಬುದು ನಿಯಮ. ಮನೆಯವರೋ, ಅಮ್ಮ ಮತ್ತೆ ಬಸುರಿ, ಅಪ್ಪ ದುಬಾಯಿಯಲ್ಲಿ, ಅಜ್ಜಿ ಮಗುವಿಗಿಂತ ಹೆಚ್ಚು ಅಳುತ್ತಾಳೆ. ನಾನು "ಅಕ್ಕಾ, ಸ್ವಲ್ಪ ಬನ್ನಿ" ಎಂದು ಕರೆದು, ಗಾಜಿನ ಆಚೆಯಿಂದ ಮೆಷಿನ್ ನಡೆಸುತ್ತಿದ್ದೆ. ಅಕ್ಕ ಕೊಕ್ಕೆಯಿಂದ ಒಂದು ಏಪ್ರನ್ ತೆಗೆದು ತೊಟ್ಟು, ಮಗುವಿನ ಭುಜ ಹಿಡಿದು, ಮೇಜಿನ ಮೇಲೆ ಬಗ್ಗಿ, ಮುಖಕ್ಕೆ ಮುಖ ಹತ್ತಿರ ತಂದು, "ಬುಲಿಪಡ ಮಗಾ, ಬುಲಿಪಡ", ಅಳಬೇಡ ಮಗಾ ಎಂದು ತುಳುವಿನಲ್ಲಿ ಸಮಾಧಾನ ಮಾಡುತ್ತಿದ್ದರು. ಬ್ಯಾರಿ ಮಗುವಾಗಲಿ ಕೊಂಕಣಿ ಮಗುವಾಗಲಿ, ಅಳು ನಿಲ್ಲುತ್ತಿತ್ತು. ಕಾಂಟ್ರಾಕ್ಟಿನವರಾದ್ದರಿಂದ ಅವರಿಗೆ ಬ್ಯಾಜು ಇರಲಿಲ್ಲ.

ಕೇಕು ಹಂಚಿದ ಮರುದಿನ ಆಫೀಸರ್ ನನ್ನನ್ನು ಕರೆದರು. ಅವರು ಒಂದು ವಾರ ಆ ಕೊಕ್ಕೆಯಲ್ಲಿ ಅಳೆಯುವ ಸಾಧನವೊಂದನ್ನು ತೂಗುಹಾಕಿ ನೋಡಿದ್ದರಂತೆ. "ಅಲ್ಲಿ ಏನೂ ಬರುವುದಿಲ್ಲ ಮೇಡಂ. ಬ್ಯಾಜು ಮೆಷಿನಿನ ಹತ್ತಿರವೇ ಇತ್ತು, ಅದೂ ತುಂಬ ಸಲ. ನಿಮ್ಮ ರಕ್ತ ಸರಿ ಉಂಟು. ಹಾಗಾದ್ರೆ ನಿಮ್ಮ ಏಪ್ರನ್ ಬೇರೆ ಯಾರಾದ್ರೂ ಹಾಕಿಕೊಂಡಿದ್ರಾ?"

ನನಗೆ ಆ ಕ್ಷಣವೇ ಗೊತ್ತಾಯಿತು. ಅಕ್ಕ ಬಗ್ಗಿದಾಗ ಅವರ ಎದೆಯ ಹತ್ತಿರ ನನ್ನ ಬ್ಯಾಜು ತೂಗುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಮೇಜಿನ ಕೆಳಗಿನಿಂದ ಮಗುವನ್ನು ದಾಟಿ ಮೇಲೆ ಬಂದ ಕಿರಣ ನೇರವಾಗಿ ಬಿದ್ದದ್ದು ಅಲ್ಲಿಗೆ. ಏಪ್ರನ್ ಎದೆ ಹೊಟ್ಟೆಯನ್ನು ಕಾಯುತ್ತದೆ. ಕೈಗೆ, ಕುತ್ತಿಗೆಗೆ, ಮುಖಕ್ಕೆ ಏನೂ ಇರಲಿಲ್ಲ.

"ಗೊತ್ತಿಲ್ಲ ಸರ್" ಎಂದೆ.

ಯಾಕೆ ಹಾಗೆಂದೆ? ಮುಂದಿನ ತಿಂಗಳು ನನ್ನನ್ನು ವಿಭಾಗದ ಇನ್‌ಚಾರ್ಜ್ ಮಾಡುವವರಿದ್ದರು. ನಿಯಮ ಮುರಿದವಳು ನಾನೇ ಎಂದು ಗೊತ್ತಾದರೆ ಅದು ಹೋದಂತೆಯೇ. ಆದರೆ ನನಗೆ ನಾನು ಹೇಳಿಕೊಂಡ ಕಾರಣ ಬೇರೆ: ಅಕ್ಕನ ಹೆಸರು ಹೇಳಿದರೆ ಪಾಪ, ಕಾಂಟ್ರಾಕ್ಟಿನವರು, ಕೆಲಸ ಹೋದೀತು. ಎಂಥ ಒಳ್ಳೆಯ ಹೆಂಗಸು ನಾನು! ಆಫೀಸರ್ ಕಾರಣ ಸ್ಪಷ್ಟವಿಲ್ಲ ಎಂದು ಬರೆದು ಫೈಲು ಮುಚ್ಚಿದರು. ನಾನು ಇನ್‌ಚಾರ್ಜ್ ಆದೆ.

ಪ್ರಯೋಗಾಲಯದ ಹುಡುಗಿಯ ಮಾತು ಮಾತ್ರ ತಲೆಯಿಂದ ಹೋಗಲಿಲ್ಲ. ತಿಂಗಳು ಹೋದ ಹಾಗೆ ಕಡಿಮೆಯಾಗುತ್ತದೆ. ಬೇಗ ಹೇಳಬೇಕೆಂದು ಒಂದು ಮನಸ್ಸು. ಇನ್ನೊಂದು ಮನಸ್ಸು, ಇನ್ನು ಕೆಲವು ತಿಂಗಳು ಸುಮ್ಮನಿದ್ದರೆ ಯಾರು ನೋಡಿದರೂ ಏನೂ ಸಿಗುವುದಿಲ್ಲ ಎಂದಿತು. ಎರಡನೆಯದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಅಕ್ಕನನ್ನು ಮಗು ಹಿಡಿಯಲು ಕರೆಯುವುದನ್ನು ಅಂದೇ ನಿಲ್ಲಿಸಿದೆ. ಅಪ್ಪಂದಿರನ್ನೂ ಮಾವಂದಿರನ್ನೂ ಎಳೆದು ತಂದು ಏಪ್ರನ್ ತೊಡಿಸಿದೆ. ಅಕ್ಕನ ಮುಖ ನೋಡುವುದೂ ಕಷ್ಟವಾಗಿ, ಅವರಿಗೆ ಹೊರಗಿನ ವರಾಂಡದ ಕೆಲಸ ಹಾಕಿಸಿದೆ. ಚಹಾ ಕುಡಿಯುವಾಗ ಅವರು ಬಂದರೆ ಫೋನ್ ನೋಡುತ್ತಿದ್ದೆ. ಹೀಗೆ ಐದು ತಿಂಗಳು.

ಒಂದು ಬೆಳಿಗ್ಗೆ ಅಕ್ಕ ನನ್ನ ಮೇಜಿನ ಮುಂದೆ ಬಂದು ನಿಂತರು. ಕಣ್ಣು ತುಂಬಿತ್ತು.

"ಬಾಯಮ್ಮ, ನನ್ನಿಂದ ಎಂತ ತಪ್ಪಾಯ್ತು? ಮಕ್ಕಳ ಹತ್ತಿರ ನನ್ನನ್ನು ಬಿಡುವುದೇ ಇಲ್ಲ ನೀವು. ನನ್ನ ಕೈಗುಣ ಸರಿ ಇಲ್ವಾ?"

"ಹಾಗೆಲ್ಲ ಎಂತ ಇಲ್ಲ ಅಕ್ಕ. ಅದು ರೇಡಿಯೇಷನ್, ನಿಮಗೆ ಒಳ್ಳೆಯದಲ್ಲ" ಎಂದೆ, ಫೈಲು ನೋಡುತ್ತಾ.

"ನನಗೆ ಎಂತ ಆಗ್ತದೆ? ನಾನು ಯಾವಾಗಲೂ ನಿಮ್ಮ ಸೀಸದ ಕೋಟನ್ನೇ ಹಾಕಿಕೊಳ್ತಿದ್ದದ್ದು. ಬೇರೆಯವರದ್ದು ಮುಟ್ಟಲೇ ಇಲ್ಲ."

"ನನ್ನದೇ ಯಾಕೆ?"

"ಅದಕ್ಕೆ ಆ ಬಿಲ್ಲೆ ಉಂಟಲ್ಲ ಬಾಯಮ್ಮ. ಬಿಲ್ಲೆ ಇದ್ರೆ ಕಿರಣ ತಾಗುವುದಿಲ್ಲ ಅಲ್ವಾ? ಅದಿಲ್ಲದೆ ನೀವು ಯಾರನ್ನೂ ಒಳಗೆ ಬಿಡುವುದಿಲ್ಲ, ಹುಡುಗಿಯರಿಗೆ ದಿನಾ ಬೈತೀರಿ. ಹಾಗಾಗಿ ಅದನ್ನು ಮುಂದೆ ಮಾಡಿಕೊಂಡೇ ಬಗ್ಗುತ್ತಿದ್ದೆ."

ಫೈಲು ಮುಚ್ಚಿಟ್ಟೆ. ಅಕ್ಕ ಅದನ್ನು ತಾಯಿತ ಎಂದುಕೊಂಡಿದ್ದರು. ಹನ್ನೆರಡು ವರ್ಷ ನನ್ನ ಜೊತೆ ಕೆಲಸ ಮಾಡಿದವರಿಗೆ ಅದು ಏನೆಂದು ನಾನು ಒಂದು ಸಲವೂ ಹೇಳಿರಲಿಲ್ಲ. ಹೇಳಬೇಕೆಂದು ತೋಚಿಯೂ ಇರಲಿಲ್ಲ. "ಕೂತುಕೊಳ್ಳಿ ಅಕ್ಕ" ಎಂದೆ. ಬ್ಯಾಜು ಏನು, ಕಾಗದದಲ್ಲಿ ಏನು ಬಂದಿತ್ತು, ಆ ರೀಡಿಂಗ್ ನನ್ನದಲ್ಲ, ಅವರದ್ದು ಎಂದು ಹೇಳಿದೆ. ಅವರಿಗೆ ಎಷ್ಟು ಅರ್ಥವಾಯಿತೋ. ಅವರ ಕೈ ಹಿಡಿದುಕೊಂಡೇ ಆಫೀಸರ್ ಕೋಣೆಗೆ ಹೋಗಿ, ಅಕ್ಕನಿಗೆ ತಿಳಿಯದ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದೆ.

ಆಫೀಸರ್ ಕೂಗಾಡಲಿಲ್ಲ, ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಎದ್ದು, ಅಕ್ಕನಿಗೆ ಕುರ್ಚಿ ಕೊಟ್ಟು, "ನೀವೆಂತ ತಪ್ಪು ಮಾಡಲಿಲ್ಲ" ಎಂದು ಅವರಿಗೆ ಮೊದಲು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮನ್ನು ನಾನು ಕೇಳಿದ್ದೆನಲ್ಲ ಮೇಡಂ" ಎಂದರು. ಅಷ್ಟೇ. ವಿಚಾರಣೆಯಾಯಿತು. ಇನ್‌ಚಾರ್ಜ್ ಕುರ್ಚಿ ಹೋಯಿತು, ನನ್ನನ್ನು ರೆಕಾರ್ಡ್ ರೂಮಿಗೆ ಹಾಕಿದರು. ಮಾಡಿದ್ದುಣ್ಣೋ ಮಹಾರಾಯ; ಆ ಬಗ್ಗೆ ನನಗೆ ಯಾರ ಮೇಲೂ ಸಿಟ್ಟಿಲ್ಲ. ಅಕ್ಕನ ಕೆಲಸ ಹೋಗಲಿಲ್ಲ. ಅವರ ಕೆಲಸದ ನೆಪ ಹೇಳಿ ಐದು ತಿಂಗಳು ಬಾಯಿ ಮುಚ್ಚಿಕೊಂಡಿದ್ದವಳು ನಾನು.

ಅಕ್ಕನ ರಕ್ತವೂ ಅದೇ ಪ್ರಯೋಗಾಲಯಕ್ಕೆ ಹೋಯಿತು. ರಿಪೋರ್ಟು ತರಲು ನಾನೇ ಹೋದೆ. ಎಣಿಸಿದ ಅಷ್ಟೂ ಕೋಶಗಳಲ್ಲಿ ಎರಡು ನಡುವಿನದು ಒಂದು ಸಿಕ್ಕಿತ್ತು. ಒಂದು ಯಾರಲ್ಲಿಯೂ ಇರಬಹುದು, ಕಿರಣದ ಹತ್ತಿರವೂ ಬಾರದ ಮೀನು ಮಾರುವವಳಲ್ಲೂ ಇರಬಹುದು ಎಂದಳು ಹುಡುಗಿ.

"ಹಾಗಾದ್ರೆ ಎಂತದೂ ಆಗಿಲ್ಲ ಅಂತಲಾ?"

"ಹಾಗೂ ಹೇಳ್ಲಿಕ್ಕೆ ಬರುವುದಿಲ್ಲ ಆಂಟಿ. ನಿಮ್ಮ ರಕ್ತ ಬಂದ ಸಮಯದಲ್ಲೇ ಇವರದ್ದೂ ಬಂದಿದ್ರೆ ಧೈರ್ಯದಲ್ಲಿ ಹೇಳ್ತಿದ್ದೆ. ಈಗ ಇಲ್ಲದೇ ಇದ್ದದ್ದೂ, ಇದ್ದು ಹೋದದ್ದೂ ಒಂದೇ ಹಾಗೆ ಕಾಣ್ತದೆ." ವರ್ಷಕ್ಕೊಮ್ಮೆ ಡಾಕ್ಟರಿಗೆ ತೋರಿಸಬೇಕು, ಕಣ್ಣು, ಕುತ್ತಿಗೆ ನೋಡಿಸಿಕೊಳ್ಳಬೇಕು, ಬೇರೆ ಮಾಡುವುದೇನೂ ಇಲ್ಲ ಎಂದಳು.

ಸಂಜೆ ಬಲ್ಮಠದ ಬಸ್ ಸ್ಟಾಪಿನಲ್ಲಿ ಅಕ್ಕ ಸಿಕ್ಕಿದರು. ನನಗಾಗಿಯೇ ಕಾಯುತ್ತಿದ್ದರು. "ಸರಿ ಉಂಟಂತಲ್ಲ ಬಾಯಮ್ಮ? ಆಫೀಸರ್ ಹೇಳಿದ್ರು, ಹೆದರುವಂಥದ್ದು ಎಂತ ಇಲ್ಲ ಅಂತ." ಮುಖ ಅರಳಿತ್ತು.

ಹೌದು ಎಂದು ಹೇಳಿ ಮನೆಗೆ ಹೋಗಬಹುದಿತ್ತು. ನಾಲಿಗೆ ಆ ಕಡೆಗೇ ಹೊರಟಿತ್ತು. ಆದರೆ ಇನ್ನೊಂದು ಸುಳ್ಳನ್ನು ಹೊರುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

"ಅದು ಗೊತ್ತಾಗುವುದಿಲ್ಲ ಅಕ್ಕ. ಬೇಗ ನೋಡಿದ್ರೆ ಗೊತ್ತಾಗ್ತಿತ್ತು. ನಿಮಗೆ ಹೇಳುವ ಐದು ತಿಂಗಳು ಮೊದಲೇ ನನಗೆ ಗೊತ್ತಿತ್ತು, ಅದು ನಿಮ್ಮ ಮೇಲೆ ಬಿದ್ದದ್ದು ಅಂತ. ನಾನು ಹೇಳಲಿಲ್ಲ."

ಅಕ್ಕ ನನ್ನನ್ನೇ ನೋಡಿದರು. 

"ಐದು ತಿಂಗಳು ನಾನು ವರಾಂಡದಲ್ಲಿ ಒರೆಸುತ್ತಾ, ನನ್ನ ಕೈಯಲ್ಲಿ ಎಂತ ದೋಷ ಉಂಟು ಅಂತ ದೇವರ ಹತ್ತಿರ ಕೇಳ್ತಿದ್ದೆ" ಎಂದರು. ಸ್ವರ ಏರಿಸಲಿಲ್ಲ. ಆಮೇಲೆ ಏನೋ ಹೊಳೆದವರಂತೆ ನನ್ನ ತೋಳು ಹಿಡಿದರು. "ಆ ಮಕ್ಕಳು? ನನಗೇ ಇಷ್ಟು ಬಿದ್ದಿದ್ರೆ, ಅವರು ಆ ಮೆಷಿನಿನ ಎದುರೇ ಇದ್ರಲ್ಲ! ಅವರ ರಕ್ತ ಯಾರಾದ್ರೂ ನೋಡಿದ್ರಾ?"

"ಅವರಿಗೆ ಎಂತದೂ ಆಗುವುದಿಲ್ಲ ಅಕ್ಕ. ಒಂದೊಂದು ಮಗುವಿಗೆ ಬಿದ್ದದ್ದು ಸ್ವಲ್ಪ ಸ್ವಲ್ಪ, ಅದು ಅವರ ಕಾಯಿಲೆ ನೋಡ್ಲಿಕ್ಕೆ ಬೇಕಾದಷ್ಟು. ಅಷ್ಟನ್ನು ಮೈಯೇ ಸರಿಮಾಡಿಕೊಳ್ತದೆ. ಎಲ್ಲರ ಪಾಲೂ ಒಟ್ಟಿಗೆ ಬಿದ್ದದ್ದು ನಿಮಗೆ."

"ನಿಜ ಹೇಳ್ತಿದ್ದೀರಾ?"

"ಇದು ನಿಜ."

ಅಕ್ಕ ನನ್ನ ತೋಳು ಬಿಟ್ಟರು. ಉರ್ವದ ಬಸ್ಸು ಬಂದು ನಿಂತಿತು. ಮೆಟ್ಟಿಲ ಮೇಲೆ ಕಾಲಿಟ್ಟವರು ತಿರುಗಿ ನೋಡಿದರು.

"ಮಕ್ಕಳಿಗೆ ಎಂತ ಆಗಿಲ್ಲ ಅಂದ್ರೆ ಸಾಕು. ನನಗೆ ಏನು ಆಗ್ಲಿಕ್ಕುಂಟೋ ಅದು ಆಗ್ತದೆ. ಆದ್ರೆ ನೀವು ಮಾಡಿದ್ದನ್ನು ನಾನು ಮರೆಯುವುದಿಲ್ಲ ಬಾಯಮ್ಮ" ಎಂದು ಹೇಳಿ ಒಳಗೆ ಹೋಗಿ ಕೂತರು.